ರೈಲಿನ ಯಾವ ಬದಿಗೆ ಕೂರಬೇಕು

ಪುತ್ತೂರು

ಅಗ್ಗದ ವಿಮಾನ ಬಿಟ್ಟು ರೈಲು, ಹಡಗು ಹತ್ತಬೇಕೇ ಎಂಬ ವಿಷಯದ ಮೇಲೆ ನಾನು ಒಮ್ಮೆ ಪುತ್ತೂರಿನ ಕಾಲೇಜೊಂದರ ಚರ್ಚಾಸ್ಪರ್ಧೆಯಲ್ಲಿ ಮಾತಾಡಿದ್ದೆ. ವಿಮಾನದ ಪರವಾಗಿ. ಗೆದ್ದಿದ್ದೆ ಕೂಡ. ಬಹುಮಾನಕ್ಕೆ ಸಿಕ್ಕಿದ ಸ್ಟೀಲಿನ ಡಬ್ಬಿಯಲ್ಲಿ ನನ್ನ ಅಮ್ಮಾಯಿ ಈಗ ಬೆಲ್ಲ ಇಡುತ್ತಾಳೆ. ನನ್ನ ವಾದಕ್ಕೆ ಮನೆಯಲ್ಲಿ ಸಿಕ್ಕಿದ ಬೆಲೆ ಅಷ್ಟೇ.

ಅಮ್ಮಾಯಿ ಅಂದರೆ ಅಮ್ಮನ ಅಮ್ಮ, ಮುತ್ತಮ್ಮ. ಸುಳ್ಯದ ಹತ್ತಿರದ ಸರಕಾರಿ ರಬ್ಬರ್ ತೋಟದಲ್ಲಿ ಮರ ಗೀರಿ ಹಾಲು ತೆಗೆದು ನಿವೃತ್ತಳಾದವಳು. ಸುಳ್ಯ, ಪುತ್ತೂರು, ಕಡಬದ ಕಡೆಯವರಿಗೆ ನಮ್ಮ ಗುರುತು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಸಿಲೋನಿನ ಚಹಾ ತೋಟಗಳಲ್ಲಿ ತಲೆಮಾರುಗಳಿಂದ ದುಡಿಯುತ್ತಿದ್ದ ತಮಿಳರನ್ನು ಎರಡು ಸರಕಾರಗಳು ಕೂತು ಹಂಚಿಕೊಂಡವು. ಇಷ್ಟು ಮಂದಿ ನಿಮಗೆ, ಇಷ್ಟು ಮಂದಿ ನಮಗೆ. ಇಂಡಿಯಾದ ಪಾಲಿಗೆ ಬಂದವರಲ್ಲಿ ಕೆಲವರನ್ನು ನಮ್ಮ ಈ ಗುಡ್ಡಗಳಿಗೆ ತಂದು ರಬ್ಬರ್ ತೋಟದಲ್ಲಿ ಕೆಲಸ ಕೊಟ್ಟರು. ಊರಿನವರು ಈಗಲೂ ನಮ್ಮನ್ನು ‘ಸಿಲೋನಿನವರು’ ಅನ್ನುತ್ತಾರೆ. ಬೈಗುಳವಾಗಿ ಅಲ್ಲ, ಗುರುತಿಗೆ. ನಾನು ಹುಟ್ಟಿದ್ದು ಸುಳ್ಯದ ಆಸ್ಪತ್ರೆಯಲ್ಲಿ ಎಂದು ತಿದ್ದಿ ತಿದ್ದಿ ನನಗೆ ಸಾಕಾಗಿದೆ.

ಅಮ್ಮಾಯಿಯ ಮನೆಯೂ ಹೀಗೆ ಹಂಚಿಹೋಯಿತು. ಅವಳು, ಅವಳ ಗಂಡ, ಕೈಕೂಸಾಗಿದ್ದ ನನ್ನ ಅಮ್ಮ ಇಂಡಿಯಾಕ್ಕೆ. ತಂಗಿ ಸರೋಜ ಅಲ್ಲಿಗೆ. ಹೊರಡುವ ದಿನ ಸರೋಜಳಿಗೆ ತೋಟದಲ್ಲಿ ರಜೆ ಕೊಡಲಿಲ್ಲ, ಸ್ಟೇಷನ್ನಿಗೆ ಬರುವ ಹಾಗಿರಲಿಲ್ಲ. ಆದರೆ ತಲವಾಕೆಲೆ ಎಂಬ ಆ ಸ್ಟೇಷನ್ ಬಿಟ್ಟ ಮೇಲೆ ರೈಲು ಅವರ ತೋಟದ ಬುಡದಲ್ಲೇ ಒಂದು ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. “ಅಲ್ಲಿ ನಿಂತು ಕೆಂಪು ಬೈರಾಸು ಬೀಸ್ತೇನೆ ಅಕ್ಕಾ, ನೋಡು” ಅಂದಿದ್ದಳಂತೆ. ಬೈರಾಸು ಅಂದರೆ ಮೈ ಒರೆಸುವ ಬಟ್ಟೆ, ಅವಳು ಕೆಲಸದ ಹೊತ್ತಿಗೆ ತಲೆಗೆ ಕಟ್ಟಿಕೊಳ್ಳುತ್ತಿದ್ದದ್ದು.

ಅಮ್ಮಾಯಿಗೆ ಅದು ಕಾಣಲಿಲ್ಲ. ಗಾಡಿ ತುಂಬ ಜನ, ಗಾಡಿ ತುಂಬ ಅಳು, ಸಿಕ್ಕಿದ್ದು ಆಚೆ ಬದಿಯ ಸೀಟು, ಮಡಿಲಲ್ಲಿ ಕಿರುಚುವ ಕೂಸು. ತಿರುವು ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಎಷ್ಟೋ ಕಾಲದ ಮೇಲೆ ಮೊದಲ ಸಲ ಫೋನಿನಲ್ಲಿ ಸಿಕ್ಕಿದಾಗ ಸರೋಜ ಕೇಳಿದ ಮೊದಲ ಪ್ರಶ್ನೆ, “ಅವತ್ತು ಕಂಡೆಯಾ?”

“ಕಂಡೆ” ಅಂದಳು ಅಮ್ಮಾಯಿ.

ಇದನ್ನು ಅವಳು ನನಗೆ ಹೇಳಿದ್ದು ಪಾಸ್‌ಪೋರ್ಟ್ ಕೈಗೆ ಬಂದ ದಿನ. ನಾನು ಅಷ್ಟರಲ್ಲಿ ಮೊಬೈಲಿನಲ್ಲಿ ವಿಮಾನ ನೋಡಿಟ್ಟಿದ್ದೆ. ನಾವು ಮನೆಯಲ್ಲಿ ಆಡುವುದು ತಮಿಳು, ಅದೂ ಅರ್ಧ ತುಳು, ಅರ್ಧ ಕನ್ನಡ ಸೇರಿದ್ದು. ಇಲ್ಲಿ ನಮ್ಮ ಕನ್ನಡದಲ್ಲೇ ಬರೆಯುತ್ತೇನೆ.

“ಬೆಂಗಳೂರಿಗೆ ಬಸ್ಸು, ಅಲ್ಲಿಂದ ವಿಮಾನ, ಊಟದ ಹೊತ್ತಿಗೆ ಕೊಳಂಬೊ” ಅಂದೆ. “ರೈಲು, ಹಡಗು, ಮತ್ತೆ ರೈಲು ಅಂದ್ರೆ ದಿನಗಟ್ಟಲೆ. ನಿನ್ನ ಮೊಣಕಾಲು ಎಂತ ಹೇಳ್ತದೆ?”

“ವಿಮಾನದಿಂದ ಆ ತಿರುವು ಕಾಣ್ತದಾ?”

“ಕಾಣುದಿಲ್ಲ. ಆದ್ರೆ ತಂಗಿಯನ್ನೇ ನೋಡ್ತಿ ಅಲ್ವಾ? ಪ್ರತಿ ಆದಿತ್ಯವಾರ ವಿಡಿಯೋ ಕಾಲಿನಲ್ಲೂ ನೋಡ್ತಿ. ತಿರುವು ಎಂತಕ್ಕೆ?”

“ಮೊದಲು ತಿರುವು ನೋಡ್ಬೇಕು. ಆಮೇಲೆ ಅವಳ ಮುಖ. ಇಲ್ಲದಿದ್ರೆ ಅವಳ ಎದುರು ನಿಂತು ಪುನಃ ಸುಳ್ಳು ಹೇಳ್ಬೇಕಾಗ್ತದೆ.” ಬೆಲ್ಲದ ಡಬ್ಬಿಯ ಮುಚ್ಚಳ ಹಾಕಿದಳು. “ನಾನು ಕೋಚ್ಚಿಯಲ್ಲೇ ಹೋಗುದು ವಕೀಲಮ್ಮ. ನೀನು ಬೇಕಾದ್ರೆ ಹಾರಿಕೊಂಡು ಬಾ.”

ಕೋಚ್ಚಿ ಅಂದರೆ ಅವರ ಚಹಾ ತೋಟದ ಮಾತಿನಲ್ಲಿ ರೈಲು. ಸುಳ್ಯಕ್ಕೆ ಬಂದು ಇಷ್ಟು ಕಾಲವಾದರೂ ಅಮ್ಮಾಯಿಗೆ ರೈಲು ರೈಲಾಗಿಲ್ಲ.

ಫೋನಿನಲ್ಲಿ ತಂಗಿಗೂ ಸುದ್ದಿ ಹೋಯಿತು. “ಬಾ ಅಕ್ಕಾ, ಬೈರಾಸು ಒಗೆದು ಇಡ್ತೇನೆ” ಎಂದು ಆಕಡೆಯಿಂದ ನಗು. ಟಿಕೆಟ್ ತೆಗೆಯುವಾಗ ನಾನು ಒಂದೇ ಪ್ರಶ್ನೆ ಕೇಳಿದೆ, ತಿರುವು ಯಾವ ಬದಿಗೆ ಎಂದು. ಅಮ್ಮಾಯಿ ಕಣ್ಣು ಮುಚ್ಚಿ, ಬಲಗೈ ಎತ್ತಿ ತೋರಿಸಿದಳು. ಕೊಳಂಬೊದಿಂದ ತಲವಾಕೆಲೆಗೆ ಬಲಬದಿಯ ಎರಡು ಸೀಟು ಕಾದಿರಿಸಿದೆ. ಪ್ರವಾಸಿಗಳೂ ನೆಟ್ಟಿನಲ್ಲಿ ಬಲಬದಿಯೇ ಚಂದ ಎಂದು ಬರೆದಿದ್ದರು. ಎರಡು ಸಾಕ್ಷಿ ಸಿಕ್ಕಿದ ಮೇಲೆ ನಾನು ಹೆಚ್ಚು ಯೋಚಿಸುವವಳಲ್ಲ.

ಪುತ್ತೂರು ಸ್ಟೇಷನ್ನಿಗೆ ಬಿಡಲು ನನ್ನ ಚರ್ಚೆಯ ಜೋಡಿ, ನೆಲ್ಯಾಡಿಯ ಜಿನ್ಸಿ ಬಂದಿದ್ದಳು. ಅಮ್ಮಾಯಿಯ ಚೀಲ ಎತ್ತಿ ನೋಡಿ, “ಇದರಲ್ಲಿ ಎಂತ ಅಮ್ಮಾಯಿ, ಇಡೀ ತೋಟವಾ?” ಅಂದಳು.

“ಹಲಸಿನ ಹಪ್ಪಳ, ಮಾಂಬಳ, ತಂಗಿಯ ಮೊಮ್ಮಕ್ಕಳಿಗೆ ಆಡ್ಲಿಕ್ಕೆ ಒಂದು ಚೆಂಡು. ಇದೆಲ್ಲ ವಿಮಾನಕ್ಕೆ ಭಾರ ಆಗ್ತದಂತೆ ನಿನ್ನ ಈ ಗೆಳತಿಗೆ.”

ಜಿನ್ಸಿ ನನ್ನ ಕಿವಿಗೆ ಬಾಗಿದಳು. “ನೀನು ಸೋತದ್ದನ್ನು ನಾನು ಇವತ್ತೇ ನೋಡುದು ಮಾರಾಯ್ತಿ. ಒಂದು ಫೋಟೋ ತೆಗೆಯಲಾ?”

ತಿರುಚ್ಚಿಯ ದಾರಿ

ರೈಲಿನಲ್ಲಿ ಎಲ್ಲರೂ ಬುತ್ತಿ ಹಂಚಿ ತಿನ್ನುತ್ತಾರೆ, ಇಳಿಯುವಷ್ಟರಲ್ಲಿ ಸಂಬಂಧಿಕರಾಗುತ್ತಾರೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ಮಂಗಳೂರಿನಲ್ಲಿ ಗಾಡಿ ಬದಲಿಸಿದ ಮೇಲೆ ತಿರುಚ್ಚಿಯವರೆಗೆ ನಮ್ಮ ಎದುರು ಕೂತವರು ಮೊಬೈಲಿನಿಂದ ತಲೆ ಎತ್ತಲಿಲ್ಲ. ಒಬ್ಬರು ಇಯರ್‌ಫೋನಿಲ್ಲದೆ ಧಾರಾವಾಹಿ ನೋಡಿದರು. ಪಾಲಕ್ಕಾಡಿನ ತನಕ ನಾಯಕಿಯ ಅತ್ತೆ ಎಷ್ಟು ಕೆಟ್ಟವಳೆಂದು ಇಡೀ ಬೋಗಿಗೆ ಗೊತ್ತಾಯಿತು.

ಅಮ್ಮಾಯಿಗೆ ಇದ್ಯಾವುದೂ ಇರಲಿಲ್ಲ. ಕಿಟಕಿಯ ಸರಳು ಹಿಡಿದು ಅವಳು ಅಭ್ಯಾಸ ಮಾಡುತ್ತಿದ್ದಳು. ಹೊರಗೆ ಒಂದು ಮರ, ಒಂದು ಹೆಂಗಸು, ಒಂದು ಕೆಂಪು ಬಟ್ಟೆ ಕಂಡರೆ ಅದು ಎಷ್ಟು ಹೊತ್ತು ಕಣ್ಣಿಗೆ ನಿಲ್ಲುತ್ತದೆಂದು ನೋಡುವುದು.

“ಬೇಗ ಹೋಗ್ತದೆ” ಅಂದಳು ಒಮ್ಮೆ, ತನ್ನಷ್ಟಕ್ಕೆ.

“ಅಲ್ಲಿಯ ಘಟ್ಟದಲ್ಲಿ ನಿಧಾನ ಹೋಗ್ತದೆ” ಅಂದೆ. ಅವತ್ತು ನಾನು ಆಡಿದ ಮಾತುಗಳಲ್ಲಿ ಅವಳಿಗೆ ಹಿಡಿಸಿದ್ದು ಅದೊಂದೇ.

ನಾಗಪಟ್ಟಣಂ

ತಂಜಾವೂರು ದಾಟಿ ನಾಗಪಟ್ಟಣಂಗೆ ಬಂದು ಮುಟ್ಟಿದರೆ ಸಮುದ್ರ ಸರಿ ಇಲ್ಲ, ಇವತ್ತು ಹಡಗಿಲ್ಲ, ನಾಳೆ ಬನ್ನಿ. ನನಗೆ ಒಳಗೊಳಗೇ ಖುಷಿಯಾಯಿತು. ವಾದದಲ್ಲಿ ಎದುರಿನವರ ಪುರಾವೆ ಮುರಿದು ಬಿದ್ದಾಗ ಆಗುವ ಖುಷಿ.

“ಗಾಳಿ ಜೋರಾದ್ರೆ ವಿಮಾನವೂ ನಿಲ್ತದೆ” ಅಂದಳು ಅಮ್ಮಾಯಿ, ನಾನು ಬಾಯಿ ತೆರೆಯುವ ಮೊದಲೇ.

ವಸತಿಗೃಹದ ಮಾಲಕಿ ನಮ್ಮ ತಮಿಳು ಕೇಳಿ ದಿಗಿಲಾದರು. “ಎಂತ” ಎಂಬುದು ಅವರಿಗೆ ಪ್ರಶ್ನೆಯೆಂದು ಗೊತ್ತಾಗಲೇ ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮಾಯಿ ಇಂಥ ಊರಿನಿಂದ ಇಂಥ ಕೆಲಸಕ್ಕೆ ಹೊರಟವಳು ಎಂದು ತಿಳಿದದ್ದೇ ಸಂಜೆ ಅವರು ಬಿಸಿನೀರು ಕಾಯಿಸಿ ತಂದು ಅವಳ ಮೊಣಕಾಲಿಗೆ ತಾವೇ ಶಾಖ ಕೊಟ್ಟರು. ರೈಲಿನ ಜನರ ಬಗ್ಗೆ ಮೇಲೆ ನಾನು ಬರೆದದ್ದಕ್ಕೆ ಇದು ವಿರುದ್ಧ ಸಾಕ್ಷಿ, ಒಪ್ಪಿಕೊಳ್ಳುತ್ತೇನೆ. ಆ ತಾಯಿಯ ಕೈ ಚೆನ್ನಾಗಿರಲಿ. ಹಡಗು ಹೊರಟಿದ್ದರೆ ಅವರು ನಮಗೆ ಸಿಗುತ್ತಿರಲಿಲ್ಲ ಎಂಬುದು ಹಡಗಿನ ಪರವಾದ ವಾದವಾಗುವುದಿಲ್ಲ, ನಿಜ. ಆದರೆ ಲೆಕ್ಕದಿಂದ ಬಿಟ್ಟುಬಿಡಲೂ ಮನಸ್ಸಿಲ್ಲ.

ಹಡಗು

ಅಮ್ಮಾಯಿಯ ನೆನಪಿನಲ್ಲಿದ್ದ ಹಡಗಿಗೆ ಹೊಗೆಗೊಳವೆ ಇತ್ತು, ಮೇಲಟ್ಟ ಇತ್ತು, ಹಗ್ಗದ ರಾಶಿ ಇತ್ತು. ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಬರುತ್ತಿದ್ದ ಆ ಹಡಗು ಈಗ ಇಲ್ಲ. ಈಗಿನದ್ದಕ್ಕೆ ಎ.ಸಿ., ಸಾಲು ಸೀಟು, ಮೂಲೆಯಲ್ಲಿ ಟಿ.ವಿ.

“ಇದೆಂತ, ಬೆಳ್ಳಾರೆ ಬಸ್ಸಿನ ಹಾಗೆ ಉಂಟು” ಅಂದಳು.

ಬೆಳ್ಳಾರೆ ಬಸ್ಸು ಇಷ್ಟು ಕುಣಿಯುವುದಿಲ್ಲ. ದಡ ಮರೆಯಾದ ಮೇಲೆ ನನ್ನ ಹೊಟ್ಟೆ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಸಾಲಾಗಿ ಎಲ್ಲರೂ ಕವರು ಹಿಡಿದು ಬಗ್ಗಿದ್ದರು. ಟಿ.ವಿ.ಯಲ್ಲಿ ಹಾಸ್ಯನಟನೊಬ್ಬ ಬಿದ್ದು ಎದ್ದು ನಗಿಸುತ್ತಿದ್ದ, ನಗುವವರು ಯಾರೂ ಇರಲಿಲ್ಲ. ಅಮ್ಮಾಯಿ ಒಬ್ಬಳು ನೆಟ್ಟಗೆ ಕೂತು, ನನ್ನ ಬಾಯಿಗೆ ಉಪ್ಪು ನೆಲ್ಲಿಕಾಯಿ ತುರುಕಿ, ಬೆನ್ನು ಉಜ್ಜಿದಳು.

“ಈಗ ವಾದ ಮಾಡು ನೋಡುವ” ಅಂದಳು. “ಮೊನ್ನೆಯಿಂದ ನಾನು ಇದಕ್ಕೇ ಕಾಯ್ತಾ ಇದ್ದದ್ದು.”

ಕಾಂಗೇಸನ್‌ತುರೈ

ಲಂಕೆಯ ನೆಲ ಮುಟ್ಟಿದ ಕೂಡಲೇ ಚೀಲ ತಪಾಸಣೆ. ಹಪ್ಪಳ ಪಾಸಾಯಿತು. ಮಾಂಬಳ, ಅಂದರೆ ಬಿಸಿಲಲ್ಲಿ ಒಣಗಿಸಿದ ಮಾವಿನ ರಸದ ಹಾಳೆಯನ್ನು, ಅಧಿಕಾರಿ ಮೂಸಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಕೈಗೆ ಬಂದದ್ದು ಚೆಂಡು.

ರಬ್ಬರ್ ತೋಟದಲ್ಲಿ ಬೆಳೆದವರಿಗೆಲ್ಲ ಈ ಚೆಂಡು ಗೊತ್ತು. ಮರದ ಗೀರಿನಲ್ಲಿ ಒಣಗಿ ಉಳಿದ ಹಾಲನ್ನು ಎಳೆಎಳೆಯಾಗಿ ಕಿತ್ತು ಒಂದರ ಮೇಲೊಂದು ಸುತ್ತುತ್ತ ಹೋಗುವುದು. ಕಪ್ಪಗೆ, ಗಟ್ಟಿಯಾಗಿ, ಹೊಸಬರಿಗೆ ತಡೆಯಲಾಗದ ವಾಸನೆಯೊಂದಿಗೆ ತಯಾರಾಗುತ್ತದೆ. ಯಂತ್ರದ ಪರದೆಯಲ್ಲಿ ಅದು ಹೇಗೆ ಕಂಡಿತೋ, ಇನ್ನಿಬ್ಬರು ಅಧಿಕಾರಿಗಳು ಬಂದರು.

“ಇದರೊಳಗೆ ಏನಿದೆ? ಕತ್ತರಿಸಿ ನೋಡಬೇಕು.”

ನಾನು ಗಂಟಲು ಸರಿಮಾಡಿಕೊಂಡೆ. ಇದು ನಿಷೇಧಿತ ವಸ್ತುವೆಂದು ಎಲ್ಲಿ ಹೇಳಿದೆ, ಕತ್ತರಿಸುವ ಅಧಿಕಾರ ಯಾವ ನಿಯಮದಡಿ ಬರುತ್ತದೆ, ಮಕ್ಕಳ ಆಟಿಕೆ ಎಂದರೆ ಏನು, ಹೀಗೆ ಕ್ರಮವಾಗಿ ಶುರುಮಾಡಿದೆ. ಮೊದಲನೆಯದು ಮುಗಿಯುವ ಮೊದಲೇ ಅಮ್ಮಾಯಿ ಕೈ ಚಾಚಿ ಚೆಂಡು ತೆಗೆದುಕೊಂಡು ನೆಲಕ್ಕೆ ಬಡಿದಳು.

ಅದು ಸೀದಾ ಮೇಲೆ ಹಾರಿ ಮಾಡಿಗೆ ತಾಗಿ, ಯಂತ್ರದ ಮೇಲೆ ಬಿದ್ದು, ಸಾಲಿನಲ್ಲಿ ನಿಂತಿದ್ದವರ ತಲೆ ದಾಟಿ, ಗೋಡೆಗೆ ಹೊಡೆದು ವಾಪಸು ಬಂತು. ಹಡಗಿನಲ್ಲಿ ಹಾಸ್ಯನಟನಿಗೆ ನಗದವರೆಲ್ಲ ಈಗ ನಕ್ಕರು. ಒಬ್ಬ ಅಧಿಕಾರಿ ಕ್ಯಾಚ್ ಹಿಡಿದರು. ಇನ್ನೊಮ್ಮೆ ಬಡಿದು ನೋಡಿದರು. ಮೂರನೆಯವರು “ನಂಗೂ ಒಮ್ಮೆ” ಎಂದು ಕೈ ನೀಡಿದರು.

“ಇದು ಯಾವ ಊರಿನ ತಮಿಳು ಅಮ್ಮಾ?” ಚೆಂಡು ವಾಪಸು ಕೊಡುತ್ತ ಕೇಳಿದರು.

“ಸುಳ್ಯ” ಅಂದಳು ಅಮ್ಮಾಯಿ.

“ಹಾಗಾದರೆ ಇಂಡಿಯಾದವರು.”

ಅಮ್ಮಾಯಿ ಹೊರಗೆ ಬಂದ ಮೇಲೆ ನಕ್ಕಳು. ಅವಳು ಈ ದೇಶದಲ್ಲಿ ಹುಟ್ಟಿ ಬೆಳೆದಷ್ಟು ಕಾಲವೂ ಅವಳನ್ನು ಕರೆದದ್ದು ಇಂಡಿಯಾದವಳೆಂದೇ. ಅಲ್ಲಿ ಸಿಲೋನಿನವಳು, ಇಲ್ಲಿ ಇಂಡಿಯಾದವಳು. “ಎರಡೂ ಕಡೆ ಊರು ಉಂಟು ಅಂತ ಆಯ್ತಲ್ಲ” ಅಂದಳು. ನಾನು ಈ ಅನ್ಯಾಯದ ಬಗ್ಗೆ ಎಷ್ಟೋ ಸಲ ವೇದಿಕೆಯಲ್ಲಿ ಮಾತಾಡಿದ್ದೇನೆ. ಅದು ಅನ್ಯಾಯವೇ. ಆದರೆ ಇಷ್ಟು ಹಗುರಾಗಿ ಅದನ್ನು ಹೆಗಲಿನಿಂದ ಇಳಿಸುವುದು ನನಗೆ ಬರುವುದಿಲ್ಲ.

ಕೊಳಂಬೊ

ಉತ್ತರದಿಂದ ಕೊಳಂಬೊಗೆ ಬರುವ ರೈಲಿನಲ್ಲಿ ಮಾರುವವರು ಕಡಲೆಕಾಯಿ ಕೊಡುವುದು ಶಾಲೆಯ ಮಕ್ಕಳ ಹಳೆ ಪರೀಕ್ಷೆಯ ಹಾಳೆಯಲ್ಲಿ. ನನ್ನದರಲ್ಲಿ ಯಾರೋ ಗಣಿತದಲ್ಲಿ ಸೋತಿದ್ದರು. ವಡೆಯ ಮೇಲೆ ಇಡೀ ಸಿಗಡಿ ಕೂರಿಸಿ ಕರಿಯುತ್ತಾರೆ, ಮೀಸೆ ಸಮೇತ. ಮಂಗಳೂರಿನವರು ಇದನ್ನು ಇನ್ನೂ ಯಾಕೆ ಕಂಡುಹಿಡಿಯಲಿಲ್ಲವೋ. ಚಹಾದ ಊರಿನಲ್ಲಿ ಹಾಲಿಲ್ಲದ ಕಣ್ಣ ಚಾ ಕೊಟ್ಟು ಜೊತೆಗೆ ಬೆಲ್ಲದ ತುಂಡು ಇಡುವುದು ಕಂಡು ಅಮ್ಮಾಯಿ ಸುಳ್ಯದ ಡಬ್ಬಿಯನ್ನು ನೆನೆದಳು.

ಮರುದಿನ ಬೆಳಿಗ್ಗೆ ಘಟ್ಟದ ರೈಲು. ನಮ್ಮ ಸೀಟು ಬಲಬದಿ, ಕಿಟಕಿ ಪಕ್ಕ, ಹೇಳಿದ ಹಾಗೆಯೇ. ಅಮ್ಮಾಯಿ ಹೊಸ ಸೀರೆ ಉಟ್ಟಿದ್ದಳು. ತಗ್ಗಿನ ಗದ್ದೆಗಳು ಮುಗಿದು ಗುಡ್ಡ ಏರತೊಡಗಿದ ಮೇಲೆ ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಒಂದು ಸುರಂಗ, ಇನ್ನೊಂದು ಸುರಂಗ. ಎರಡೂ ಬದಿಗೆ ಚಹಾದ ಹಸಿರು. ಹ್ಯಾಟನ್ ಸ್ಟೇಷನ್ ದಾಟಿತು.

“ಇನ್ನು ದೂರ ಇಲ್ಲ” ಅಂದಳು. ಕಿಟಕಿಯ ಹೊರಗೆ ನೋಡಿದಳು. ಮತ್ತೆ ನೋಡಿದಳು. “ಇದಲ್ಲ.”

“ಎಂತ ಇದಲ್ಲ?”

“ಗುಡ್ಡ ಆಚೆ ಬದಿಗುಂಟು. ಇಲ್ಲಿ ಬರೀ ಕಣಿವೆ.”

ಆಗ ನನ್ನ ತಲೆಗೆ ಹೊಳೆಯಿತು. ಅಮ್ಮಾಯಿ ಕಣ್ಣು ಮುಚ್ಚಿ ಬಲಗೈ ಎತ್ತಿದ್ದು ಅಲ್ಲಿಂದ ಇಳಿದು ಬರುವಾಗಿನ ನೆನಪಿನಲ್ಲಿ. ಇಳಿಯುವಾಗ ಬಲಕ್ಕೆ ಇದ್ದದ್ದು ಹತ್ತುವಾಗ ಎಡಕ್ಕೆ. ಶಾಲೆಯ ಮಗುವೂ ಹೇಳುತ್ತಿತ್ತು. ಬಾಯಿ ಮಾತಿನಲ್ಲಿ ರಾಜ್ಯಕ್ಕೇ ಹೆಸರು ಮಾಡಿದವಳು ನಾನು, ಗಾಡಿ ಈ ಸಲ ಎದುರು ದಿಕ್ಕಿಗೆ ಹೋಗುತ್ತದೆ ಎಂಬುದನ್ನು ಯೋಚಿಸಿರಲಿಲ್ಲ. ಒಂದೇ ತಿರುವಿನಲ್ಲಿ ಎರಡನೆಯ ಸಲ ಅಮ್ಮಾಯಿ ಆಚೆ ಬದಿಗೆ ಕೂತಿದ್ದಳು. ಈ ಸಲ ಕೂರಿಸಿದ್ದು ನಾನು.

ತಿರುವು

ಎಡಬದಿಯ ಕಿಟಕಿಗಳೆಲ್ಲ ತುಂಬಿದ್ದವು. ಹತ್ತಿರದ ಕಿಟಕಿಯಲ್ಲಿ ದೊಡ್ಡ ಕ್ಯಾಮೆರಾ ಹಿಡಿದ ವಿದೇಶಿ ಪ್ರವಾಸಿಯೊಬ್ಬ, ಅವನ ಪಕ್ಕ ಮೊಸರಿನ ಮಡಕೆಯೊಂದನ್ನು ಮಡಿಲಲ್ಲಿಟ್ಟುಕೊಂಡ ಸಿಂಹಳದ ಹೆಂಗಸು. ನಾನು ಅವನಿಗೆ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ನಮ್ಮ ಟಿಕೆಟಿನ ವಿಷಯ, ಎರಡು ಸರಕಾರಗಳ ಒಪ್ಪಂದದ ವಿಷಯ, ಪೀಠಿಕೆಯಿಂದಲೇ. ಅವನು ಪಾಪ, ತಲೆಯಾಡಿಸುತ್ತ ಕೇಳುತ್ತಿದ್ದ. ಗಾಡಿ ಹೋಗುತ್ತಿತ್ತು.

ಸಿಂಹಳದ ಹೆಂಗಸಿಗೆ ನನ್ನ ಇಂಗ್ಲಿಷೂ ತಿಳಿಯಲಿಲ್ಲ, ತಮಿಳೂ ತಿಳಿಯಲಿಲ್ಲ. ಅವರು ನೋಡಿದ್ದು ನನ್ನ ಹಿಂದೆ ಸರಳು ಹಿಡಿದು ನಿಂತಿದ್ದ ಅಮ್ಮಾಯಿಯ ಮುಖವನ್ನು. ಮಡಕೆಯನ್ನು ನನ್ನ ಕೈಗಿತ್ತರು. ಎದ್ದರು. ಪ್ರವಾಸಿಯ ಭುಜ ತಟ್ಟಿ ಅವನನ್ನೂ ಎಬ್ಬಿಸಿದರು. ಅಮ್ಮಾಯಿಯ ಕೈ ಹಿಡಿದು ಕಿಟಕಿಗೆ ಕೂರಿಸಿ, ಬೀಳದ ಹಾಗೆ ಹಿಂದಿನಿಂದ ಹೆಗಲು ಹಿಡಿದು ನಿಂತರು. ಅಷ್ಟು ಹೊತ್ತಿಗೆ ನಾನು ಪೀಠಿಕೆಯಲ್ಲೇ ಇದ್ದೆ.

ತಿರುವು ಬಂತು. ಗಾಡಿ ಬಾಗಿತು, ಮುಂದಿನ ಬೋಗಿಗಳು ಬಿಲ್ಲಿನ ಹಾಗೆ ಕಂಡವು. ಮೇಲೆ ಇಳಿಜಾರು, ಚಹಾದ ಗಿಡಗಳ ಸಾಲು, ನಡುವೆ ಒಂದು ಕರಿಬಂಡೆ. ಅಮ್ಮಾಯಿ ಮುಖವನ್ನೇ ಕಿಟಕಿಯಿಂದ ಹೊರಗೆ ಹಾಕಿದಳು.

ಅಲ್ಲಿ ಯಾರೂ ಇರಲಿಲ್ಲ.

ಗಿಡಗಳ ನಡುವೆ ಇರಬಹುದೆಂದು ನಾನೂ ನೋಡಿದೆ. ಕೆಂಪೆಂಬುದು ಎಲ್ಲೂ ಇಲ್ಲ. ಗಾಡಿ ನಿಧಾನಕ್ಕೇ ಹೋಯಿತು, ನೋಡಲು ಬೇಕಾದಷ್ಟು ಹೊತ್ತು ಸಿಕ್ಕಿತು, ಅದೇ ಕಷ್ಟವಾದದ್ದು. ಬಂಡೆ ಹಿಂದಾಯಿತು.

“ಇಲ್ಲ” ಅಂದಳು ಅಮ್ಮಾಯಿ.

ಸಿಂಹಳದ ಹೆಂಗಸು ಹೆಗಲಿನಿಂದ ಕೈ ತೆಗೆಯಲಿಲ್ಲ. ಮಡಕೆ ಹಿಡಿದುಕೊಂಡು ನಾನು ಹುಡುಕಿದೆ, ಹೇಳಲು ಒಂದು ಮಾತು. ಹುಷಾರಿಲ್ಲದಿರಬಹುದು, ಗಾಡಿ ತಡವಾದದ್ದರಿಂದ ಹೋಗಿರಬಹುದು. ಜೀವನದಲ್ಲಿ ಮೊದಲ ಸಲ ನನ್ನ ಬಳಿ ಇದ್ದ ಕಾರಣಗಳು ನನಗೇ ಬೇಡವೆನಿಸಿದವು.

ತಲವಾಕೆಲೆ

ಗಾಡಿ ಸ್ಟೇಷನ್ನಿಗೆ ನುಗ್ಗುವಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಒಬ್ಬಳು ಕುಳ್ಳಗಿನ ಮುದುಕಿ, ಬಿಳಿ ತಲೆ, ಕೈ ಮೇಲೆತ್ತಿ ಕೆಂಪು ಬೈರಾಸು ಬೀಸುತ್ತಿದ್ದಳು. ಎಂಜಿನಿಗೆ ಬೀಸಿದಳು, ಮೊದಲ ಬೋಗಿಗೆ ಬೀಸಿದಳು, ನಮ್ಮದಲ್ಲದ ಎಲ್ಲ ಬೋಗಿಗಳಿಗೂ ಬೀಸಿದಳು.

“ಸರೋಜಾ! ಇಲ್ಲಿ! ಏ ಮಂಗ, ಇಲ್ಲಿ!” ಅಮ್ಮಾಯಿಯ ಕೂಗು ಕೊಳಂಬೊಗೆ ಕೇಳಿರಬೇಕು.

ಇಳಿದದ್ದು ಹೇಗೆಂದು ಗೊತ್ತಿಲ್ಲ. ಚೀಲಗಳನ್ನು ಕಿಟಕಿಯಿಂದ ಇಳಿಸಿದ್ದು ಆ ಪ್ರವಾಸಿ. ಮೊಸರಿನ ಮಡಕೆ ವಾಪಸು ಕೊಡಲು ಹೋದರೆ ಆ ತಾಯಿ ಬೇಡವೆಂದು ಕೈ ಆಡಿಸಿದರು, ಇಟ್ಟುಕೊಳ್ಳಿ ಎಂಬಂತೆ. ಗಾಡಿ ಹೊರಟಿತು. ಅವರ ಹೆಸರು ಕೇಳಲಿಲ್ಲ ನಾನು. ಪ್ರಶ್ನೆ ಕೇಳುವುದೇ ನನ್ನ ಕಸುಬು ಎಂದು ತಿಳಿದಿದ್ದೆ.

ಇಬ್ಬರು ಮುದುಕಿಯರು ಅಪ್ಪಿಕೊಳ್ಳಲಿಲ್ಲ. ಒಬ್ಬರ ಮುಖ ಒಬ್ಬರು ಕೈಯಲ್ಲಿ ಹಿಡಿದು ಜಗಳ ಶುರುಮಾಡಿದರು.

“ತಿರುವಿನಲ್ಲಿ ಎಂತಕ್ಕೆ ನಿಲ್ಲಲಿಲ್ಲ ನೀನು? ನನ್ನ ಜೀವ ಹೋಯ್ತು!”

“ಅವತ್ತು ಅಲ್ಲಿ ಎಂತಕ್ಕೆ ನಿಂತದ್ದು? ಸ್ಟೇಷನ್ನಿಗೆ ಬರ್ಲಿಕ್ಕೆ ಬಿಡ್ಲಿಲ್ಲ, ಅದಕ್ಕೆ. ಇವತ್ತು ಬಿಡದೆ ಇರ್ಲಿಕ್ಕೆ ಯಾರುಂಟು?”

ಅಮ್ಮಾಯಿ ತಂಗಿಯ ಎರಡೂ ಕೈ ಹಿಡಿದಳು. “ಸರೋಜಾ” ಅಂದಳು, “ಅವತ್ತು ನನಗೆ ಕಾಣ್ಲಿಲ್ಲ.”

“ಗೊತ್ತುಂಟು.”

“ಗೊತ್ತುಂಟಾ?”

“ನೀನು ಆಚೆ ಬದಿ ಕೂತು ಮಗುವಿಗೆ ಹಾಲು ಕೊಡ್ತಾ ಇದ್ದಿ. ನಿನ್ನ ಬೆನ್ನು ಕಂಡಿತು, ಜಡೆ ಕಂಡಿತು. ನಾನು ನಿನ್ನನ್ನು ನೋಡಿದೆ ಅಲ್ಲ, ಸಾಕಾಯ್ತು. ಫೋನಲ್ಲಿ ನೀನು ‘ಕಂಡೆ’ ಅಂದಾಗ, ಪಾಪ ನನಗೆ ಬೇಜಾರಾಗ್ತದೆ ಅಂತ ಹೇಳ್ತಿ ಅಂತ ಸುಮ್ಮನಾದೆ.” ಆಮೇಲೆ ನನ್ನ ಕಡೆ ತಿರುಗಿದಳು. “ಇವಳೇನಾ ವಕೀಲಮ್ಮ? ಮಡಕೆ ಹಿಡ್ಕೊಂಡು ಎಂತ ಹಾಗೆ ನಿಂತದ್ದು? ಮಾತು ಬರುದಿಲ್ವಾ?”

ಮಡಕೆಯನ್ನೇ ಅವಳ ಕೈಗಿತ್ತೆ.

ಮರಳಿ

ಮಕ್ಕಳು ರಬ್ಬರ್ ಚೆಂಡಿನಿಂದ ತೋಟದ ಕೂಲಿಯವರ ಲೈನ್ ಮನೆಯ ತಗಡಿನ ಮಾಡಿಗೆ ಹೊಡೆದು ಬೈಸಿಕೊಂಡದ್ದು, ಇಬ್ಬರು ಅಕ್ಕತಂಗಿಯರು ರಬ್ಬರ್ ಹಾಲು ತೆಗೆಯುವುದು ಕಷ್ಟವೋ ಚಹಾ ಚಿಗುರು ಕೀಳುವುದು ಕಷ್ಟವೋ ಎಂದು ದಿನವಿಡೀ ವಾದಿಸಿ, ನನ್ನನ್ನು ತೀರ್ಪುಗಾರಳನ್ನಾಗಿ ಕೂರಿಸಿ, ತೀರ್ಪು ಕೊಡಲು ಬಿಡದೆ ಇದ್ದದ್ದು, ಅದನ್ನೆಲ್ಲ ಬರೆದರೆ ಮುಗಿಯುವುದಿಲ್ಲ.

ಸಮಯದ ವಿಷಯದಲ್ಲಿ ನನ್ನ ವಾದ ಈಗಲೂ ಸರಿ. ವಿಮಾನ ಬೇಗ, ರೈಲು ತಡ, ಹಡಗಿನಲ್ಲಿ ಹೊಟ್ಟೆ ನಿಲ್ಲುವುದಿಲ್ಲ. ಆದರೆ ಅವತ್ತು ವೇದಿಕೆಯಲ್ಲಿ ನಾನು ಹೊರಟ ಊರು, ಮುಟ್ಟಿದ ಊರು ಎರಡನ್ನೇ ಎಣಿಸಿದ್ದೆ. ಮೊಣಕಾಲಿಗೆ ಶಾಖ ಕೊಟ್ಟವರು, ಚೆಂಡು ಹಿಡಿದವರು, ಮಡಕೆ ನನ್ನ ಕೈಗಿಟ್ಟು ಎದ್ದು ನಿಂತವರು ಎಲ್ಲ ನಡುವೆ ಇದ್ದವರು. ಅವರಿಗೆ ನಾನು ಋಣಿ. ಅವರಲ್ಲಿ ಯಾರಿಗೂ ಕನ್ನಡ ಓದಲು ಬರುವುದಿಲ್ಲವಾದ್ದರಿಂದ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಹೊರಡುವ ದಿನ ನಾನು ಬಲಬದಿಯ ಸೀಟೇ ತೆಗೆದೆ, ಈ ಸಲ ಯೋಚಿಸಿ. ತಿರುವಿನಲ್ಲಿ ನಿಲ್ಲು ಎಂದು ಚಿನ್ನಮ್ಮಾಯಿಗೆ, ಅಂದರೆ ಸರೋಜಳಿಗೆ, ನಾನೇ ಹೇಳಿದೆ. ಅವಳು ಕೇಳಲಿಲ್ಲ. ಬೈರಾಸು ಹೆಗಲಿಗೆ ಹಾಕಿಕೊಂಡು ನಮ್ಮ ಜೊತೆಗೇ ಗಾಡಿ ಹತ್ತಿದಳು. ಹ್ಯಾಟನ್ ತನಕ ಬಂದು ಇಳಿದು, ಬಸ್ಸಿನಲ್ಲಿ ವಾಪಸು ಹೋಗುತ್ತಾಳಂತೆ.

ತಿರುವು ಬಂದಾಗ ಇಬ್ಬರೂ ಒಂದೇ ಕಿಟಕಿಗೆ ಮುಖ ಒತ್ತಿದ್ದರು. ಇಳಿಜಾರಿನಲ್ಲಿ ಯಾರೂ ಇರಲಿಲ್ಲ. ಚಹಾ ಗಿಡ, ಬಂಡೆ, ಬಿಸಿಲು.

“ಅಗೋ, ಆ ಬಂಡೆಯ ಈಚೆ ನಿಂತದ್ದು ನಾನು” ಅಂದಳು ಸರೋಜ, ಬೆರಳು ತೋರಿಸಿ. “ಕಂಡೆಯಾ?”

ಅಮ್ಮಾಯಿ ತಂಗಿಯ ಹೆಗಲಿನಿಂದ ಬೈರಾಸು ಎಳೆದು ತೆಗೆದಳು. ಕಿಟಕಿಯ ಹೊರಗೆ ಕೈ ಹಾಕಿ, ಬಂಡೆ ಮರೆಯಾಗುವವರೆಗೂ ಬೀಸಿದಳು.

“ಕಂಡೆ” ಅಂದಳು.